ಚಿಲಕವಿಲ್ಲದ ಮನೆ

"ಅಯ್ಯೋ, ಯಾರದು! ನಾನಿದೀನಿ ಒಳಗೆ!"

ಬಚ್ಚಲುಮನೆಯಿಂದ ಅತ್ತೆಯ ಕೂಗು ಬಂದದ್ದೇ ತಡ, ಬಾಗಿಲು ತಳ್ಳಿದ್ದ ಪಕ್ಕದ ಮನೆಯ ಯಜಮಾನರು ಹಿಂದಕ್ಕೆ ಹಾರಿ ಗೋಡೆಗೆ ಒರಗಿಕೊಂಡರು. ನಡುಮನೆಯಲ್ಲಿ ಹೆಣದ ಸುತ್ತ ಕೂತಿದ್ದವರು ಅಳು ನಿಲ್ಲಿಸಿ ಅತ್ತ ತಿರುಗಿದರು. ಒಬ್ಬಿಬ್ಬರು ನಗು ತಡೆಯಲಾಗದೆ ಬಾಯಿಗೆ ಕೈ ಒತ್ತಿಕೊಂಡರು.

ಅತ್ತೆ, ಎಂದರೆ ಸತ್ತವನ ಅಕ್ಕ, ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಊರಿಗೆಲ್ಲ ಬೀಗ ಮಾಡ್ಕೊಟ್ಟ ಮಹಾರಾಯ, ತನ್ನ ಮನೆ ಬಚ್ಚಲಿಗೆ ಒಂದು ಚಿಲಕ ಹಾಕಲಿಲ್ಲ. ಈ ವಯಸ್ಸಲ್ಲಿ ನನ್ನ ಮಾನ ಹರಾಜು ಹಾಕ್ದ!" ಎಂದವಳು, ಬೈಸಿಕೊಳ್ಳಬೇಕಾದವನು ಬಿಳಿ ಬಟ್ಟೆ ಹೊದ್ದು ಸುಮ್ಮನೆ ಮಲಗಿದ್ದನ್ನು ಕಂಡು ಅಲ್ಲೇ ಕುಸಿದು ಅತ್ತಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ, ಇಬ್ಬರು ನಿಂತರೆ ಮೂರನೆಯವರು ಹೊರಗೇ ಇರಬೇಕಾದಂಥ ಅಂಗಡಿಯಲ್ಲಿ, ಊರವರು ಬೀಗದಣ್ಣ ಎನ್ನುತ್ತಿದ್ದ ಅವಳ ತಮ್ಮ ಜೀವಮಾನವೆಲ್ಲ ಬೀಗ ರಿಪೇರಿ ಮಾಡಿದ, ಕೀಲಿಕೈಗಳಿಗೆ ನಕಲು ತೆಗೆದ, ಕಂಡವರ ಬಾಗಿಲಿಗೆಲ್ಲ ಚಿಲಕ ಕೂರಿಸಿದ. ನಿನ್ನೆ ಅದೇ ಅಂಗಡಿಯಲ್ಲಿ, ಕೀಲಿ ಕೊರೆಯುವ ಯಂತ್ರ ಓಡುತ್ತಿರುವಾಗಲೇ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಅವನ ಮನೆಯ ಬೀದಿಬಾಗಿಲಿಗೆ ಒಳ್ಳೆಯ ಬೀಗವಿತ್ತು. ಒಳಗಿನ ಯಾವ ಬಾಗಿಲಿಗೂ ಚಿಲಕವಿರಲಿಲ್ಲ; ಮಲಗುವ ರೂಮಿಗಿಲ್ಲ, ಬಚ್ಚಲಿಗೂ ಇಲ್ಲ. ಬಾಗಿಲು ತಳ್ಳುವ ಮುಂಚೆ ಕೆಮ್ಮಬೇಕು, ಒಳಗಿದ್ದವರು 'ಇದೀನಿ' ಅನ್ನಬೇಕು. ಅದು ಆ ಮನೆಯ ಪದ್ಧತಿ. ಮನೆಯವರಿಗೆ ಅದು ಅಭ್ಯಾಸವಾಗಿತ್ತು, ನೆಂಟರಿಗೆ ಪ್ರಾಣಸಂಕಟ.

ಸತ್ತವನ ಮಗಳು ಒಂದು ಕುರ್ಚಿ ತಂದು ಬಚ್ಚಲ ಬಾಗಿಲ ಪಕ್ಕ ಹಾಕಿದಳು. ಅತ್ತೆ ಕಣ್ಣೊರೆಸಿಕೊಂಡು ಕುರ್ಚಿ ತುಂಬ ಕೂತು, "ಇನ್ನು ನಾನೇ ಚಿಲಕ. ಹೋಗೋರು ಧೈರ್ಯವಾಗಿ ಹೋಗಿ ಬನ್ನಿ," ಎಂದು ಅಪ್ಪಣೆ ಕೊಟ್ಟಳು.

ಆಗ ಗಂಡನ ತಲೆಯ ಬಳಿ ಕೂತಿದ್ದ ಅಮ್ಮ ಬಾಯಿಬಿಟ್ಟಳು. ನಿನ್ನೆಯಿಂದ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ.

"ಅತ್ತಿಗೆ ಹೇಳೋದು ಸರಿ. ಚಿಲಕ ಹಾಕಿಸಬೇಕು," ಎಂದು ತನ್ನ ತಮ್ಮನ ಕಡೆ ನೋಡಿದಳು. "ಮೊದಲು ನನ್ನ ರೂಮಿಗೆ ಹಾಕ್ಕೊಡೋ."

"ಈಗಲಾ ಅಕ್ಕ?"

"ಈಗಲೇ. ಇಷ್ಟೊಂದು ಜನ, ಬಟ್ಟೆ ಬದಲಾಯಿಸೋಕೂ ಆಗಲ್ಲ. ಗಾಡಿ ಬರೋಕೆ ಇನ್ನೂ ಹೊತ್ತಿದೆಯಲ್ಲ."

ಸೋದರಮಾವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಳಲು ಬಾರದ ಗಂಡಸರಿಗೆ ಸಾವಿನ ಮನೆಯಲ್ಲಿ ಒಂದು ಕೆಲಸ ಸಿಕ್ಕರೆ ದೊಡ್ಡ ಉಪಕಾರ. ಅವನು ಭಾವನ ಅಂಗಡಿಗೆ ಓಡಿಹೋಗಿ ಹೊಸ ಚಿಲಕ ತಂದ, ಭಾವನದೇ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಸ್ವಲ್ಪ ಹೊತ್ತಿನಲ್ಲೇ ಒಣಮರದೊಳಗೆ ಸ್ಕ್ರೂ ಇಳಿಯುವ ಕಿರ್ರೆನ್ನುವ ಸದ್ದು ನಡುಮನೆಯ ಬಿಕ್ಕುಗಳ ನಡುವೆ ಕೇಳತೊಡಗಿತು.

"ಇಲ್ಲಿ ಮೊದಲೇ ಚಿಲಕ ಇತ್ತು ಕಣ್ರೀ," ಎಂದು ಅವನು ಅಲ್ಲಿಂದಲೇ ಕೂಗಿದ. "ಹಳೇ ತೂತಿಗೆಲ್ಲ ಮೇಣ ತುಂಬಿದಾರೆ. ಎಷ್ಟು ನೀಟಾಗಿ ತುಂಬಿದಾರೆ ನೋಡಿ!" ಯಾರೂ ಎದ್ದು ಹೋಗಿ ನೋಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಗಂಡಸರು ಸತ್ತವನ ವಿಷಯವನ್ನೇ ಆಡಿಕೊಳ್ಳುತ್ತಿದ್ದರು. ಅಂಗಡಿಗೆ ಒಳಚಿಲಕ ಕೊಳ್ಳಲು ಬಂದವರನ್ನೆಲ್ಲ ಬೀಗದಣ್ಣ ಕೇಳುತ್ತಿದ್ದ ಒಂದು ಪ್ರಶ್ನೆ ಓಣಿಗೆಲ್ಲ ಗೊತ್ತಿತ್ತು.

"ಹೊಸದಾಗಿ ಮದುವೆಯಾದೋನೊಬ್ಬ ಬಂದಿದ್ನಪ್ಪ, ರೂಮಿಗೆ ಚಿಲಕ ಬೇಕು ಅಂತ," ಎಂದ ಓಣಿಯ ತುದಿಯ ಕ್ಷೌರಿಕ. "ಪಾಪ, ನಾಚಿಕೊಂಡು ನಿಂತಿದಾನೆ. ನಮ್ಮ ಬೀಗದಣ್ಣ ಅವನ ಮುಖ ನೋಡಿ, 'ಸತ್ತುಹೋಗಬೇಕು ಅನ್ನಿಸ್ತಿದೆಯಾ ತಮ್ಮಾ?' ಅಂತ ಕೇಳೋದಾ! ಆ ಹುಡುಗ, 'ಮದುವೆಯಾಗಿ ಇನ್ನೂ ವಾರ ಆಗಿಲ್ಲ ಯಜಮಾನ್ರೇ, ಸ್ವಲ್ಪ ಟೈಮ್ ಕೊಡಿ' ಅಂದನಂತೆ."

ಎಲ್ಲರೂ ನಕ್ಕರು. ಅಂಚೆಯವನೊಬ್ಬ ನಗಲಿಲ್ಲ. ಅವನು ತನ್ನ ಚಪ್ಪಲಿಯನ್ನೇ ನೋಡುತ್ತ, "ನನಗೆ ಚಿಲಕ ಕೊಡಲೇ ಇಲ್ಲ, ಪುಣ್ಯಾತ್ಮ. ಅಂಗಡಿ ಮುಚ್ಚಿ ನನ್ನ ಜೊತೆ ಆಸ್ಪತ್ರೆಗೆ ಬಂದ," ಎಂದ.

ಗಾಡಿ ಬರುವ ಹೊತ್ತಿಗೆ ಚಿಲಕ ಕೂತಿತ್ತು. ಅಮ್ಮ ರೂಮಿನ ಬಾಗಿಲಲ್ಲಿ ನಿಂತು ಅದನ್ನು ಒಮ್ಮೆ ಎಳೆದು, ಒಮ್ಮೆ ತಳ್ಳಿ ನೋಡಿದಳು. ಸ್ಮಶಾನಕ್ಕೆ ಬರುವುದು ತನ್ನ ಕೈಲಾಗದು, ಮಲಗುತ್ತೇನೆ ಎಂದಳು. ಮಗಳನ್ನು ಹತ್ತಿರ ಕರೆದು, ತನ್ನ ಕೈಗಡಿಯಾರ ಬಿಚ್ಚಿ ಅವಳ ಕೈಗೆ ಕಟ್ಟಿದಳು.

"ನಿನ್ನ ಹತ್ರಾನೇ ಇರಲಿ. ನನಗಿನ್ನು ಗಂಟೆ ನೋಡೋ ಕೆಲಸ ಏನಿದೆ?"

ಗಂಡ ಹೋದ ಹೆಂಗಸು ಆಡುವ ಮಾತು ಅಂದುಕೊಂಡು ಮಗಳು ಅವಳನ್ನು ತಬ್ಬಿ ಅತ್ತಳು. ಅಮ್ಮ ಅವಳ ಬೆನ್ನು ತಟ್ಟಿದಳು, ಬೇರೆ ಯಾರದೋ ಮಗುವನ್ನು ಸಮಾಧಾನ ಮಾಡಿದ ಹಾಗೆ.

*

ಆ ಪ್ರಶ್ನೆಯನ್ನು ಅಪ್ಪ ಮಗಳಿಗೂ ಕೇಳಿದ್ದ.

ಅವಳ ಹೊಟ್ಟೆಯಲ್ಲಿದ್ದ ಮಗು ಉಳಿಯದೆ ತವರಿಗೆ ಬಂದಿದ್ದ ದಿನಗಳವು. ಇದೇ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಒಂದು ಮಧ್ಯಾಹ್ನ ಬಾಗಿಲ ಹೊರಗೆ ಅಪ್ಪನ ಕೆಮ್ಮು ಕೇಳಿತು. ಒಂದು ಗಟ್ಟಿ, ಒಂದು ಮೆತ್ತಗೆ. ಅವಳು 'ಇದೀನಿ' ಅನ್ನಲಿಲ್ಲ. ಅಪ್ಪ ಮತ್ತೆ ಕೆಮ್ಮಿ, ಒಳಗೆ ಬಂದು, ಸ್ಟೂಲು ಎಳೆದುಕೊಂಡು ಕೂತ. ಅವನ ಬೆರಳುಗಳಿಂದ ಎಂದಿನಂತೆ ಹಿತ್ತಾಳೆಯ ವಾಸನೆ ಬರುತ್ತಿತ್ತು.

"ಮಗಳೇ, ಸತ್ತುಹೋಗಬೇಕು ಅನ್ನಿಸ್ತಿದೆಯಾ?"

ಅವಳು ದಡಕ್ಕನೆ ಎದ್ದು ಕೂತಳು. "ನಿಮಗೆ ತಲೆ ಕೆಟ್ಟಿದೆಯಾ? ಯಾವ ಅಪ್ಪನಾದ್ರೂ ಮಗಳಿಗೆ ಕೇಳೋ ಮಾತಾ ಇದು? ನಾನು ಸತ್ತರೆ ನಿಮಗೆ ಸಮಾಧಾನಾನಾ?" ಬಾಯಿಗೆ ಬಂದದ್ದೆಲ್ಲ ಅಂದಳು. ಅಪ್ಪ ಅಷ್ಟನ್ನೂ ಕೇಳಿಸಿಕೊಂಡ. ಎದ್ದು ಹೋಗಲಿಲ್ಲ. ಕೊನೆಗೆ ಮರುದಿನ ಬೆಳಿಗ್ಗೆ ಅವಳೇ ಗಂಡನ ಮನೆಗೆ ಹೊರಟುಹೋದಳು.

ಅವನು ಕೇಳಿದ್ದು ನಿಜವಾಗಿತ್ತು. ವಾರಗಳಿಂದ ಅವಳ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದನ್ನು ಅಪ್ಪ ಹೆಸರು ಹಿಡಿದು ಕರೆದಿದ್ದ, ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು. ಊರು ಸೇರಿದ ಮೇಲೆ, ಹೇಳಲು ಸಾಧ್ಯವೇ ಇಲ್ಲ ಅಂದುಕೊಂಡಿದ್ದ ಮಾತು ಗಂಡನ ಮುಂದೆ ತಾನಾಗಿ ಬಂತು. ಡಾಕ್ಟರಿಗೆ ತೋರಿಸಿದರು. ದಿನಗಳು ಮೆಲ್ಲಗೆ ಹಗುರಾದವು.

ಅಪ್ಪನಿಗೆ ಮಾತ್ರ ಅದನ್ನು ಹೇಳಲಿಲ್ಲ. ಮುಂದಿನ ಸಲ ಹೋದಾಗ ಹೇಳೋಣ ಅಂದುಕೊಂಡಳು. ಹೋದಾಗಲೆಲ್ಲ ಅವನೊಬ್ಬನೇ ಇರುವ ಜಾಗದಿಂದ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಈಗ ಆ ಮಾತು ಕೇಳಿಸಿಕೊಳ್ಳಬೇಕಾದವನು ಗಾಡಿಯಲ್ಲಿ ಮಲಗಿದ್ದ.

*

ಶವದ ಗಾಡಿಯ ಹಿಂದೆ ಜನರಿಗೆಂದು ಒಂದು ವ್ಯಾನು ಗೊತ್ತುಮಾಡಿದ್ದರು. ಅದರಲ್ಲಿ ಮಗಳ ಪಕ್ಕ ಕೂತವಳು ಟೈಲರಮ್ಮ. ಅಪ್ಪನ ಅಂಗಡಿಯ ಎದುರಿಗೇ ಅವಳ ಹೊಲಿಗೆ ಅಂಗಡಿ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಡುವುದನ್ನೂ ಮರೆತು ಬಂದಿದ್ದಳು.

"ನಿಮ್ಮಮ್ಮ ಬರಲಿಲ್ವೇನೇ?"

"ಆಗಲ್ಲ ಅಂದ್ರು, ಮಲಗಿದಾರೆ. ಮಾವ ರೂಮಿಗೆ ಚಿಲಕ ಹಾಕ್ಕೊಟ್ರು. ಯಾರೂ ಹೋಗಿ ತೊಂದರೆ ಕೊಡಲ್ಲ ಬಿಡಿ."

ಟೈಲರಮ್ಮನ ಕೈ ಟೇಪಿನ ಮೇಲೆ ನಿಂತಿತು. "ಚಿಲಕನಾ? ಯಾರು ಹೇಳಿದ್ದು ಹಾಕೋಕೆ?"

"ಅಮ್ಮನೇ. ಅಪ್ಪ ಇರೋವರೆಗೆ ಹಾಕೋಕೆ ಎಲ್ಲಿ ಬಿಟ್ರು?"

"ಆ ಮನೆ ಚಿಲಕಗಳನ್ನ ಬಿಚ್ಚಿದ್ದು ನಿಮ್ಮಪ್ಪ ಅಂತ ಯಾರೇ ಹೇಳಿದ್ದು ನಿನಗೆ?" ಎಂದು ಟೈಲರಮ್ಮ ಅವಳತ್ತ ಪೂರ್ತಿ ತಿರುಗಿದಳು. "ಬಿಚ್ಚಿದ್ದು ನಿಮ್ಮಮ್ಮ."

*

ಮಗಳು ಹಾಸ್ಟೆಲಿನಲ್ಲಿದ್ದ ಕಾಲ. ಬಡಾವಣೆಯ ಸಭಾಂಗಣದ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು: ಮನಸ್ಸಿನ ಪ್ರಥಮ ಚಿಕಿತ್ಸೆ, ಆತ್ಮಹತ್ಯೆ ತಡೆ, ಉಚಿತ ತರಬೇತಿ, ಎಲ್ಲರೂ ಬನ್ನಿ. ಬೀಗದಣ್ಣನಿಗೆ ಕಂಡದ್ದು 'ಪ್ರಥಮ ಚಿಕಿತ್ಸೆ' ಒಂದೇ. ದಿನಾ ಬೆರಳು ಕುಯ್ದುಕೊಳ್ಳುವ ಕಸುಬು, ಬ್ಯಾಂಡೇಜ್ ಕಟ್ಟುವುದನ್ನು ಕಲಿತರೆ ಒಳ್ಳೆಯದು ಎಂದು ಟೈಲರಮ್ಮನನ್ನೂ ಹೊರಡಿಸಿದ್ದ. ಅವಳಿಗೆ ಸೂಜಿಯ ಕಾಟ.

ಅಲ್ಲಿ ಬ್ಯಾಂಡೇಜೂ ಇಲ್ಲ, ಔಷಧಿಯೂ ಇಲ್ಲ. ಆಸ್ಪತ್ರೆಯ ನರ್ಸಮ್ಮ ಒಬ್ಬಳು ಪ್ಲಾಸ್ಟಿಕ್ ಕುರ್ಚಿಗಳನ್ನು ಜೋಡಿ ಜೋಡಿಯಾಗಿ ಎದುರುಬದುರು ಹಾಕಿಸಿದಳು.

"ನಿಮ್ಮೆದುರು ಕೂತವರು ಬದುಕು ಸಾಕಾದವರು ಅಂದ್ಕೊಳ್ಳಿ. ಸುತ್ತಿ ಬಳಸಬೇಡಿ, ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ಬಂದುಬಿಡುತ್ತೆ ಅಂತ ಹೆದರಬೇಡಿ, ಹಾಗಾಗಲ್ಲ. ಕೇಳಿದ ಮೇಲೆ ಬಾಯಿ ಮುಚ್ಕೊಂಡು ಕಿವಿ ಕೊಡಿ. ಒಬ್ಬರನ್ನೇ ಬಿಟ್ಟು ಬರಬೇಡಿ. ಡಾಕ್ಟರ ಹತ್ರ ನೀವೇ ಕೈಹಿಡಿದು ಕರ್ಕೊಂಡ್ಹೋಗಿ. ಅಷ್ಟೇ ಪಾಠ."

ಅಷ್ಟೇ ಪಾಠವಾದರೂ ಆ ಒಂದು ಪದ ಯಾರ ಬಾಯಿಂದಲೂ ಹೊರಡಲೊಲ್ಲದು. ನಿವೃತ್ತ ಬಸ್ ಕಂಡಕ್ಟರೊಬ್ಬರು ಬೆವರಿ, ತಡವರಿಸಿ, "ಏನಮ್ಮಾ, ಮುಂದಿನ ಸ್ಟಾಪಲ್ಲಿ ಇಳಿದುಬಿಡೋಣ ಅನ್ನಿಸ್ತಿದೆಯಾ?" ಎಂದು ಕೇಳಿ ಸಭೆಯನ್ನೆಲ್ಲ ನಗಿಸಿದರು. ಟೈಲರಮ್ಮನ ಸರದಿ ಬಂತು. ಅವಳೆದುರು ಬೀಗದಣ್ಣ. ಅವಳು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕೇಳಿಬಿಟ್ಟಳು: "ಬೀಗದಣ್ಣ, ಸತ್ತುಹೋಗಬೇಕು ಅನ್ನಿಸ್ತಿದೆಯಾ?"

ಬೀಗದಣ್ಣ ನಟಿಸಬೇಕಿತ್ತು. ಸ್ವಲ್ಪ ಹೊತ್ತು ನೆಲ ನೋಡಿದ.

"ಹೂಂ," ಎಂದ. "ಅಂಗಡಿಗೆ ಒಬ್ಬ ಬಂದಿದ್ದ. ಪ್ರೆಸ್ಸಲ್ಲಿ ಅಚ್ಚಿನ ಕೆಲಸ ಮಾಡ್ತಿದ್ದ. ಬಾಡಿಗೆ ರೂಮಿಗೆ ಒಳಗಿಂದ ಚಿಲಕ ಬೇಕು, ಗಟ್ಟಿದು ಹಾಕಿ, ಹೊರಗಿಂದ ಎಷ್ಟು ತಳ್ಳಿದ್ರೂ ಜಗ್ಗಬಾರದು ಅಂದ. ಆನೆ ಬಂದ್ರೂ ಜಗ್ಗಲ್ಲ ಬಿಡಪ್ಪ ಅಂತ ನಾನೇ ಜಂಬ ಕೊಚ್ಚಿದೆ. ಹೊರಡೋವಾಗ ತನ್ನ ಕೊಡೆ ಕೊಟ್ಟ. ಇಟ್ಕೊಳ್ಳಿ, ನನಗಿನ್ನು ಬೇಡ ಅಂದ. ನನಗೆ ಅವನ ಮುಖ ನೋಡಿ ಏನೋ ಅನ್ನಿಸ್ತು. ಏನಪ್ಪಾ, ಹುಷಾರಾಗಿದೀಯಾ ಅಂತ ಕೇಳೋಕೆ ಬಾಯಿಗೆ ಬಂತು. ನನಗ್ಯಾಕೆ ಊರ ಉಸಾಬರಿ ಅಂತ ಸುಮ್ಮನಾದೆ. ಮಾರನೇ ದಿನ ಆ ಬಾಗಿಲು ತೆಗೆಯೋಕೆ ನನ್ನನ್ನೇ ಕರೆದ್ರು. ನಾನೇ ಹಾಕಿದ ಚಿಲಕ. ನನ್ನ ಕೈಲೇ ತೆಗೆಯೋಕಾಗಲಿಲ್ಲ, ಅಷ್ಟು ಗಟ್ಟಿಯಾಗಿ ಹಾಕಿದ್ದೆ. ತೆಗೆಯೋ ಹೊತ್ತಿಗೆ..."

ಅಲ್ಲಿಗೆ ನಿಲ್ಲಿಸಿದ. "ಆವತ್ತಿಂದ ನಾನೂ ಒಳಗಿಂದ ಚಿಲಕ ಹಾಕ್ಕೊಂಡು ಕೂತ್ಕೊಳ್ತೀನಿ. ಅವನು ಹೊರಗಿಂದ ಬಡೀತಾನೆ ಅನ್ನಿಸುತ್ತೆ. ಅವನ ಹಿಂದೇನೇ ಹೋಗಿಬಿಡೋಣ ಅನ್ನಿಸುತ್ತೆ."

ಸಭೆ ಚಪ್ಪಾಳೆ ತಟ್ಟಿತು. ಎಂಥಾ ನಟನೆ, ನಾಟಕಕ್ಕೆ ಸೇರಬೇಕಿತ್ತು ನೀನು, ಎಂದು ಕಂಡಕ್ಟರು ಬೆನ್ನು ತಟ್ಟಿದರು. ಟೈಲರಮ್ಮ ಚಪ್ಪಾಳೆ ತಟ್ಟಲಿಲ್ಲ. ಅವನ ಅಂಗಡಿಯ ಮೂಲೆಯಲ್ಲಿ ನೇತುಹಾಕಿದ್ದ, ಮಳೆಯಲ್ಲೂ ಅವನು ಬಿಚ್ಚದ ಆ ಕಪ್ಪು ಕೊಡೆಯನ್ನು ಅವಳು ದಿನಾ ನೋಡುತ್ತಿದ್ದಳು. ದಾರಿಯಲ್ಲಿ ಅವನನ್ನು ನಿಲ್ಲಿಸಿ, ಇನ್ನೊಮ್ಮೆ ಕಣ್ಣು ತೆರೆದುಕೊಂಡೇ ಅದೇ ಪ್ರಶ್ನೆ ಕೇಳಿದಳು. ಅವನು ನಡುರಸ್ತೆಯಲ್ಲಿ ನಿಂತು ಅತ್ತ.

ಆ ಸಂಜೆ ಅವನನ್ನು ಮನೆಗೆ ಬಿಟ್ಟು, ಅವನ ಹೆಂಡತಿಗೆ ಎಲ್ಲ ಹೇಳಿದಳು. ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಗಂಡನ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಮನೆಯೊಳಗಿನ ಚಿಲಕಗಳನ್ನು ಒಂದೊಂದಾಗಿ ಬಿಚ್ಚಿ ಹಳೇ ಡಬ್ಬಕ್ಕೆ ಹಾಕಿದಳು. ಮರುದಿನ ಮೂವರೂ ಡಾಕ್ಟರ ಬಳಿ ಹೋದರು. ಮಾತ್ರೆ, ಮಾತು, ಬಹಳ ತಿಂಗಳು ಹಿಡಿಯಿತು. ಸುಧಾರಿಸಿದ ಮೇಲೆ ಬೀಗದಣ್ಣ ಆ ತೂತುಗಳಿಗೆ ತಾನೇ ಮೇಣ ತುಂಬಿದ. ಚಿಲಕದ ವಿಷಯಕ್ಕೆ ಯಾರು ನಕ್ಕರೂ ತನ್ನ ಹುಚ್ಚು ಎಂದೇ ಹೇಳಿಕೊಂಡ.

*

ಮಗಳು ಕೈಗಡಿಯಾರವನ್ನು ನೋಡಿದಳು. ಎಷ್ಟು ಗಂಟೆ ಎಂದು ಅವಳಿಗೆ ಕಾಣಿಸಲಿಲ್ಲ. ಕಂಡದ್ದು ಅದರ ಪಟ್ಟಿ, ಅಮ್ಮನ ಮಣಿಕಟ್ಟಿನ ಅಳತೆಗೆ ಬಾಗಿ ಸವೆದದ್ದು.

"ಟೈಲರಮ್ಮ, ಇದನ್ನ ಅಮ್ಮ ನನಗೆ ಕೊಟ್ಟುಬಿಟ್ರು. ನನಗಿನ್ನು ಬೇಡ ಅಂದ್ರು."

ಅತ್ತೆಗೆ ಫೋನ್ ಮಾಡಿದಳು. "ಚಿಲಕ ಹಾಕ್ಕೊಂಡು ನಿದ್ದೆ ಮಾಡ್ತಿದಾಳೆ ಪಾಪ. ನಿನ್ನೆಯಿಂದ ಕಣ್ಣು ಮುಚ್ಚಿಲ್ಲ. ಎಬ್ಬಿಸಬೇಡ, ಇಡು ಫೋನು," ಎಂದಳು ಅತ್ತೆ.

ಮುಂದೆ ಸ್ಮಶಾನದ ಗೇಟು ಕಾಣುತ್ತಿತ್ತು. ಅಪ್ಪನಿಗೆ ಇರುವವಳು ಇವಳೊಬ್ಬಳೇ, ಮೊದಲ ಹಿಡಿ ಮಣ್ಣು ಇವಳೇ ಹಾಕಬೇಕು. ಬದುಕಿದ್ದಾಗ ಒಂದು ಮಾತು ಹೇಳಲಿಲ್ಲ, ಮಣ್ಣಿಗಾದರೂ ನಿಲ್ಲದಿದ್ದರೆ ಹೇಗೆ ಎಂದು ಅವಳು ಗೇಟನ್ನೇ ನೋಡಿದಳು.

"ನಿಮ್ಮಪ್ಪ ಆಗಿದ್ರೆ ಏನು ಮಾಡ್ತಿದ್ದ ಹೇಳು," ಎಂದಳು ಟೈಲರಮ್ಮ.

ಮಗಳು ವ್ಯಾನು ನಿಲ್ಲಿಸಲು ಕೂಗಿದಳು. ಇಬ್ಬರೂ ಇಳಿದರು. ಅಪ್ಪನ ಗಾಡಿ ಗೇಟು ದಾಟಿ ಒಳಗೆ ಹೋಯಿತು. ಎದುರಿಗೆ ಬಂದ ಬಾಡಿಗೆ ಕಾರು ಹತ್ತಿ ಇವರು ವಾಪಸ್ಸು ಹೊರಟರು. ದಾರಿಯಲ್ಲಿ ಮಗಳು ಕೇಳಿದಳು, "ನನ್ನ ವಿಷಯ ಏನಾದ್ರೂ ಹೇಳಿದ್ರಾ ಅಪ್ಪ? ಆವತ್ತು ಬೈದಿದ್ದೆ ನಾನು."

"ಹೇಳಿದ್ದ. 'ಸಖತ್ತಾಗಿ ಬೈದ್ಲು ಟೈಲರಮ್ಮ, ಬೈದ್ಲು ಅಂದ್ರೆ ಇನ್ನೂ ಜೀವ ಗಟ್ಟಿ ಇದೆ' ಅಂತ ಖುಷಿಪಟ್ಟ. ಆಮೇಲೆ ನಿನ್ನ ಗಂಡನಿಗೂ ಫೋನ್ ಮಾಡಿದ್ದ, ಅವಳನ್ನ ಒಬ್ಬಳನ್ನೇ ಬಿಡಬೇಡಪ್ಪ ಅಂತ. ನಿನಗೆ ಹೇಳಬಾರದು ಅಂತ ಆಣೆ ಹಾಕ್ಸಿದ್ನಂತೆ."

ಮಗಳು ಕಿಟಕಿಯ ಕಡೆ ತಿರುಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ಟೈಲರಮ್ಮ ತನ್ನ ಫೋನಿನಲ್ಲಿ ನರ್ಸಮ್ಮನ ನಂಬರು ಹುಡುಕುತ್ತಿದ್ದಳು.

*

ಅತ್ತೆ ಬಚ್ಚಲಿನ ಮುಂದಿದ್ದ ಕುರ್ಚಿಯಲ್ಲೇ ತೂಕಡಿಸುತ್ತಿದ್ದವಳು ಎದ್ದು ನಿಂತಳು. "ಮಣ್ಣು ಹಾಕದೆ ಬಂದ್ಯೇನೇ? ನಾಲ್ಕು ಜನ ಏನಂತಾರೆ?"

ಮಗಳು ನೇರವಾಗಿ ರೂಮಿನ ಬಾಗಿಲ ಮುಂದೆ ಹೋಗಿ ನಿಂತಳು. ಬಾಗಿಲು ಬಡಿಯಲು ಎತ್ತಿದ ಕೈಯನ್ನು ಇಳಿಸಿ, ಕೆಮ್ಮಿದಳು. ಒಂದು ಗಟ್ಟಿ, ಒಂದು ಮೆತ್ತಗೆ.

ಒಳಗಿನಿಂದ ಏನೂ ಕೇಳಲಿಲ್ಲ.

ಮತ್ತೆ ಕೆಮ್ಮಿದಳು. ಬಾಗಿಲಿಗೆ ಅಂಗೈ ಇಟ್ಟು ತಳ್ಳಿದಳು. ಮಾವ ಚೆನ್ನಾಗಿ ಕೂರಿಸಿದ್ದ, ಅದು ಜಗ್ಗಲಿಲ್ಲ.

"ಅಮ್ಮಾ, ಸತ್ತುಹೋಗಬೇಕು ಅನ್ನಿಸ್ತಿದೆಯಾ?"

"ಥೂ, ಬಾಯಲ್ಲಿ ಎಂಥಾ ಮಾತೇ!" ಎಂದ ಅತ್ತೆಯ ಭುಜವನ್ನು ಟೈಲರಮ್ಮ ಹಿಡಿದುಕೊಂಡಳು.

"ನನಗೂ ಅನ್ನಿಸಿತ್ತಮ್ಮ," ಎಂದಳು ಮಗಳು, ಹಣೆಯನ್ನು ಬಾಗಿಲಿಗೆ ಒತ್ತಿ. "ಆವತ್ತು ಅಪ್ಪ ಕೇಳಿದಾಗ ಅನ್ನಿಸ್ತಾ ಇತ್ತು. ಅದಕ್ಕೇ ಬೈದೆ. ಅವರು ಕೇಳಿದ್ದಕ್ಕೇ ನಾನು ಉಳಿದೆ. ಅವರಿಗೆ ಹೇಳಲೇ ಇಲ್ಲ, ನಿನಗಾದ್ರೂ ಹೇಳ್ತೀನಿ. ಬಾಗಿಲು ತೆಗಿ."

ಬಹಳ ಹೊತ್ತಾದಂತೆ ಅನ್ನಿಸಿತು. ಮಂಚ ಕಿರುಗುಟ್ಟಿತು. ಹೊಸ ಚಿಲಕ ತೂತಿನಲ್ಲಿ ಬಿಗಿಯಾಗಿ ಕೂತಿತ್ತು. ಒಳಗಿನ ಕೈ ಒಮ್ಮೆ ಎಳೆದು, ನಿಂತು, ಮತ್ತೆ ಎಳೆಯಿತು. ಬಾಗಿಲು ತೆರೆದುಕೊಂಡಿತು.

ಅಮ್ಮ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಮಗಳು ಸ್ಟೂಲು ಎಳೆದುಕೊಂಡಳು.

"ಅನ್ನಿಸ್ತಿದೆ," ಎಂದಳು ಅಮ್ಮ. "ಇಷ್ಟು ವರ್ಷ ಅವರನ್ನ ಕಾಯೋದೇ ನನ್ನ ಕೆಲಸ ಆಗಿತ್ತು. ರಾತ್ರಿ ಅವರು ಮಗ್ಗುಲು ಬದಲಾಯಿಸಿದ್ರೂ ನನಗೆ ಎಚ್ಚರ. ಕೊನೆಗೆ ಹಾಡಹಗಲು, ಅಂಗಡೀಲಿ, ನಾನಿಲ್ಲದಾಗ ಹೋಗಿಬಿಟ್ರು. ಈಗ ಯಾರನ್ನ ಕಾಯ್ಲೇ ನಾನು?"

ಮಗಳಿಗೆ ಸಮಾಧಾನದ ಮಾತು ನೂರು ಬಾಯಿಗೆ ಬಂದವು. ಒಂದನ್ನೂ ಆಡಲಿಲ್ಲ. ಕೈಗಡಿಯಾರ ಬಿಚ್ಚಿ ಅಮ್ಮನ ಕೈಗೆ ಕಟ್ಟಿ, ಆ ಕೈಯನ್ನು ಬಿಡದೆ ಕೂತಳು. ಆಗ ಅಮ್ಮ ಅತ್ತಳು, ನಿನ್ನೆಯಿಂದ ಮೊದಲ ಸಲ. ಮಧ್ಯೆ ಮಧ್ಯೆ ಏನೇನೋ ಹೇಳಿದಳು. ಮಗಳು ಕೇಳಿಸಿಕೊಂಡಳು.

ಟೈಲರಮ್ಮ ಬಾಗಿಲಿನಿಂದಲೇ ಹೇಳಿದಳು, "ನರ್ಸಮ್ಮ ಸಂಜೆ ಬರ್ತಾರಂತೆ. ನಾಳೆ ಡಾಕ್ಟರ ಹತ್ರ ಮೂವರೂ ಹೋಗೋಣ. ದಾರಿ ನಮಗೆ ಗೊತ್ತಿರೋದೇ ಅಲ್ವಾ?" ಅಮ್ಮ ತಲೆಯಾಡಿಸಿದಳು.

ಅತ್ತೆ ಬಚ್ಚಲ ಮುಂದಿದ್ದ ಕುರ್ಚಿಯನ್ನು ಬರಬರನೆ ಎಳೆದು ತಂದು, ರೂಮಿನ ಹೊಸ್ತಿಲ ಮೇಲೆ, ಬಾಗಿಲು ಮುಚ್ಚಲಾಗದಂತೆ ಅಡ್ಡಡ್ಡ ಇಟ್ಟು ಕೂತಳು.

"ಇನ್ನು ನಾನೇ ಚಿಲಕ," ಎಂದಳು.

ಸ್ಮಶಾನದಿಂದ ಜನ ಒಬ್ಬೊಬ್ಬರಾಗಿ ಹಿಂದಿರುಗತೊಡಗಿದರು. ಕಾಲಿಗೆ ಮಣ್ಣು ಮೆತ್ತಿಕೊಂಡು ಬಂದ ಪಕ್ಕದ ಮನೆಯ ಯಜಮಾನರು ಬಚ್ಚಲ ಕಡೆ ನಡೆದರು. ಕಾವಲಿಗೆ ಯಾರೂ ಇಲ್ಲದ್ದನ್ನು ಕಂಡು ಅನುಮಾನಿಸಿದರು. ಬೆಳಗ್ಗೆ ಆದದ್ದು ನೆನಪಾಗಿರಬೇಕು, ಬಾಗಿಲ ಮುಂದೆ ನಿಂತು ಕೆಮ್ಮಿದರು. ಒಂದು ಗಟ್ಟಿ, ಒಂದು ಮೆತ್ತಗೆ.

ಅಮ್ಮ ಥಟ್ಟನೆ ತಲೆಯೆತ್ತಿ ಹೊಸ್ತಿಲಾಚೆ ನೋಡಿದಳು, ಅಲ್ಲಿ ಅತ್ತೆಯ ಅಗಲವಾದ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ಎಷ್ಟೋ ವರ್ಷದ ಅಭ್ಯಾಸ, ಮಾತು ತಾನಾಗಿ ಬಂತು.

"ಇದೀನಿ," ಎಂದಳು.